ಕೈಮರದ ಏರು ಹತ್ತಿದರೆ ಮಂಡಿ ನೋವು: ಎಂಟಿಬಿ (ಮೌಂಟನ್ ಬೈಕ್) ಸೀಟು ಎಷ್ಟು ಎತ್ತರ ಇಡಬೇಕು?

ರತ್ನಗಿರಿ_ಪೆಡಲ್ · ಚಿಕ್ಕಮಗಳೂರು · ಭಾನುವಾರ, ಮಧ್ಯಾಹ್ನ 2:10

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಒಬ್ಬರ ಹತ್ತಿರ ಹಳೇ ಎಂಟಿಬಿ ತಗೊಂಡೆ. ಹಾರ್ಡ್‌ಟೇಲ್, ಅಂದರೆ ಹಿಂದೆ ಸಸ್ಪೆನ್ಷನ್ ಇಲ್ಲದ್ದು, 29 ಇಂಚಿನ ಚಕ್ರ. ಊರೊಳಗೆ ಓಡಿಸಿದರೆ, ಹಿರೇಕೊಳಲೆ ಕೆರೆ ತನಕ ಹೋಗಿ ಬಂದರೆ ಏನೂ ಆಗುವುದಿಲ್ಲ. ಆದರೆ ಕೈಮರ ಚೆಕ್‌ಪೋಸ್ಟ್ ದಾಟಿ ಸೀತಾಳಯ್ಯನಗಿರಿ ಕಡೆ ಏರು ಶುರುವಾಯಿತು ಅಂದರೆ ಅರ್ಧ ಗಂಟೆಗೆಲ್ಲ ಎರಡೂ ಮಂಡಿ ಚಿಪ್ಪಿನ ಕೆಳಗೆ ಚುಚ್ಚಲು ಶುರು. ಇವತ್ತು ಬೆಳಿಗ್ಗೆ ಹೋಗಿ ಬಂದೆ. ಈಗ ಮನೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದೇನೆ. ನನಗೆ ವಯಸ್ಸು 34 ಅಷ್ಟೇ ಮಾರಾಯ್ರೆ.

ಸೀಟಿನ ಮೇಲೆ ಕೂತರೆ ಎರಡೂ ಪಾದದ ಮುಂಭಾಗ ನೆಲಕ್ಕೆ ತಾಗುತ್ತದೆ. ಮಾರಿದವರೂ ಹಾಗೇ ಇಟ್ಟುಕೊಳ್ಳಿ ಅಂದಿದ್ದರು. ಗೆಳೆಯನೊಬ್ಬ ಗೇರು ಸರಿ ಇಲ್ಲ ಅಂತಾನೆ. ಮನೆಯವಳು ಸೈಕಲ್ಲೇ ಬೇಡ ಅಂತಾಳೆ. ಯಾರ ಮಾತು ಕೇಳಲಿ?

ಚಾರ್ಮಾಡಿ_ಚೈನು · ಮೂಡಿಗೆರೆ · ಭಾನುವಾರ, ಮಧ್ಯಾಹ್ನ 2:48

ಎರಡೂ ಪಾದದ ಮುಂಭಾಗ ನೆಲಕ್ಕೆ ತಾಗುತ್ತದೆ ಅಂದ್ರಲ್ಲ, ನೋವು ಅಲ್ಲೇ ಕೂತಿದೆ.

ಲೆಕ್ಕ ನೋಡಿ. ಎಂಟಿಬಿಯಲ್ಲಿ ಕ್ರ್ಯಾಂಕಿನ (ಪೆಡಲ್ ಕೂರಿಸಿದ ತೋಳಿನ) ಅಚ್ಚು ನೆಲದಿಂದ ಸುಮಾರು 30 ಸೆಂ.ಮೀ. ಮೇಲಿರುತ್ತದೆ. ಕಲ್ಲು, ಬೇರು ಪೆಡಲಿಗೆ ಬಡಿಯಬಾರದು ಅಂತ ಹಾಗೆ ಮಾಡಿರುತ್ತಾರೆ. ಕ್ರ್ಯಾಂಕ್ ಉದ್ದ 17 ಅಥವಾ 17.5 ಸೆಂ.ಮೀ. ಅಂದರೆ ಪೆಡಲ್ ತೀರಾ ಕೆಳಗೆ ಬಂದಾಗಲೂ ನೆಲಕ್ಕಿಂತ 12-13 ಸೆಂ.ಮೀ. ಮೇಲೇ ನಿಂತಿರುತ್ತದೆ. ಕೂತಲ್ಲಿಂದ ನಿಮ್ಮ ಪಾದ ನೆಲ ಮುಟ್ಟುತ್ತದೆ ಅಂದರೆ, ಪೆಡಲ್ ಮೇಲೆ ಇಟ್ಟಾಗ ಕಾಲು ಹತ್ತಿರ ಹತ್ತಿರ ಅಷ್ಟೂ ಮಡಚಿಕೊಂಡೇ ಇರಬೇಕು. ಕುಕ್ಕರಗಾಲಲ್ಲಿ ಕೂತು ಮೆಟ್ಟಿಲು ಹತ್ತಿದ ಹಾಗೆ. ಅದೂ ಸಾವಿರಾರು ಮೆಟ್ಟಿಲು.

ಮೊದಲು ಹಿಮ್ಮಡಿ ಪರೀಕ್ಷೆ ಮಾಡಿ. ಸೈಕಲನ್ನು ಗೋಡೆ ಪಕ್ಕ ನಿಲ್ಲಿಸಿ, ಒಂದು ಕೈ ಗೋಡೆ ಮೇಲೆ. ಓಡಿಸುವಾಗ ಹಾಕುವ ಶೂನೇ ಹಾಕಿರಬೇಕು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತುಳಿಯಿರಿ. ಪೆಡಲ್ ತೀರಾ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು. ಸೊಂಟ ಆ ಕಡೆ ಈ ಕಡೆ ಓಲಬಾರದು. ಆಮೇಲೆ ಪಾದದ ಮುಂಭಾಗ ಪೆಡಲ್ ಮೇಲೆ ಇಟ್ಟರೆ ಮಂಡಿ ತಾನಾಗೇ ಸ್ವಲ್ಪ ಬಾಗುತ್ತದೆ. ಅಷ್ಟು ಬಾಗು ಸಾಕು.

ಗೇರಿನ ವಿಷಯದಲ್ಲಿ ಗೆಳೆಯರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಭಾರದ ಗೇರಿನಲ್ಲಿ ನಿಧಾನಕ್ಕೆ ತುಳಿದರೆ ಮಂಡಿಗೆ ಇನ್ನೂ ಕಷ್ಟ. ಆದರೆ ಮೊದಲು ಸೀಟು.

ಕಣದ_ಸೈಕಲ್ · ಆಲ್ದೂರು · ಭಾನುವಾರ, ಸಂಜೆ 5:30

ನಾನು ತೋಟದಲ್ಲಿ ರೈಟರ್ ಆಗಿದ್ದವನು. ಇಪ್ಪತ್ತು ವರ್ಷ ಕಪ್ಪು ಸೈಕಲ್ಲಿನಲ್ಲಿ ಕೂಲಿ ಲೈನಿನಿಂದ ಕಣ, ಕಣದಿಂದ ಆಫೀಸು ಓಡಾಡಿದ್ದೇನೆ. ಸೀಟು ಯಾವಾಗಲೂ ಕೆಳಗೇ. ಈ ಇಂಚು ಟೇಪಿನ ಲೆಕ್ಕ ಯಾರೂ ಹಾಕಿದ್ದಿಲ್ಲ. ನನ್ನ ಮಂಡಿ ಇವತ್ತಿಗೂ ಗಟ್ಟಿ ಇದೆ. ಸುಮ್ನೆ ಹೆದರಿಸಬೇಡಿ.

ಚಾರ್ಮಾಡಿ_ಚೈನು · ಮೂಡಿಗೆರೆ · ಭಾನುವಾರ, ಸಂಜೆ 5:41

ಯಜಮಾನ್ರೇ, ಒಂದು ಮಾತು ಕೇಳ್ತೀನಿ. ಏರು ಬಂದಾಗ ತುಳೀತಿದ್ರಾ, ಇಳಿದು ತಳ್ಳುತ್ತಿದ್ರಾ?

ಕಣದ_ಸೈಕಲ್ · ಆಲ್ದೂರು · ಭಾನುವಾರ, ಸಂಜೆ 5:44

ತಳ್ಳದೆ ಮತ್ತೇನು? ಗೇರಿಲ್ಲದ ಸೈಕಲ್ಲನ್ನು ಸಿಲ್ವರ್ ಓಕ್ ಸಾಲಿನ ಏರಲ್ಲಿ ಯಾವ ಭೀಮ ತುಳೀತಾನೆ?

ಚಾರ್ಮಾಡಿ_ಚೈನು · ಮೂಡಿಗೆರೆ · ಭಾನುವಾರ, ಸಂಜೆ 5:46

ಅದಕ್ಕೇ ಮಂಡಿ ಉಳಿದಿದೆ 🙂

ಹೇಮಾವತಿ_ಫಿಸಿಯೋ · ಹಾಸನ · ಭಾನುವಾರ, ರಾತ್ರಿ 9:05

ವೃತ್ತಿಯಲ್ಲಿ ಫಿಸಿಯೋಥೆರಪಿಸ್ಟ್. ನೋಡದೆ ಇದೇ ಕಾಯಿಲೆ ಅಂತ ಹೇಳುವುದಿಲ್ಲ. ಸೈಕಲ್ ಓಡಿಸುವವರಲ್ಲಿ ಸಾಮಾನ್ಯವಾಗಿ ಕಾಣುವುದನ್ನು ಹೇಳ್ತೀನಿ.

ಮಂಡಿ ಎಷ್ಟು ಜಾಸ್ತಿ ಮಡಚಿರುತ್ತದೋ, ತುಳಿಯುವಾಗ ಚಿಪ್ಪು ತೊಡೆ ಮೂಳೆಗೆ ಅಷ್ಟು ಬಲವಾಗಿ ಒತ್ತುತ್ತದೆ. ಸೀಟು ಕೆಳಗಿದ್ದರೆ ನೋವು ಮಂಡಿಯ ಮುಂದೆ ಬರುವುದು ಅದಕ್ಕೇ. ಸೀಟು ತೀರಾ ಮೇಲಿದ್ದರೆ ನೋವು ಮಂಡಿಯ ಹಿಂದೆ, ತೊಡೆ ಹಿಂಭಾಗದ ನರ ಎಳೆದ ಹಾಗೆ ಬರುತ್ತದೆ. ನಿಮ್ಮದು ಮುಂದೆ, ಅದೂ ಮೆಟ್ಟಿಲು ಇಳಿಯುವಾಗ ಜಾಸ್ತಿ. ಸೀಟು ಕೆಳಗಿರುವ ಕಥೆಗೆ ಹೊಂದುತ್ತದೆ.

ಪೆಡಲ್ ಕೆಳಗಿದ್ದಾಗ ಮಂಡಿ ಪೂರ್ತಿ ನೆಟ್ಟಗಾಗಬಾರದು. ನೆಟ್ಟಗಿನ ಕಾಲಿಗಿಂತ 25ರಿಂದ 35 ಡಿಗ್ರಿ ಬಾಗು ಇರಲಿ. ಪಕ್ಕದಿಂದ ಒಂದು ಫೋಟೋ ತೆಗೆಸಿ, ಸೊಂಟದ ಗಂಟು, ಮಂಡಿ, ಕಾಲಿನ ಹರಡು ಈ ಮೂರನ್ನೂ ಗೆರೆಯಲ್ಲಿ ಸೇರಿಸಿ ನೋಡಿದರೆ ಗೊತ್ತಾಗುತ್ತದೆ.

ಈ ವಾರ ಏರು ಬೇಡ. ಊತ ಇದ್ದರೆ, ಮಂಡಿ ಸಿಕ್ಕಿಕೊಂಡ ಹಾಗೆ ಆದರೆ ಇಲ್ಲಿ ಕೇಳುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಇಂಚುಟೇಪು · ಚಿಕ್ಕಮಗಳೂರು · ಸೋಮವಾರ, ಬೆಳಿಗ್ಗೆ 7:20

ಹಿಮ್ಮಡಿ ಪರೀಕ್ಷೆ ಒಂದು ಅಂದಾಜು ಅಷ್ಟೇ. ಅಳತೆ ಬೇಕು ಅನ್ನುವವರಿಗೆ ಎರಡು ಹಳೇ ಲೆಕ್ಕಗಳಿವೆ.

ಎರಡಕ್ಕೂ ಬೇಕಾದ್ದು ಒಳಗಾಲಿನ ಉದ್ದ. ಚಪ್ಪಲಿ ಇಲ್ಲದೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಒಂದು ದಪ್ಪ ಪುಸ್ತಕವನ್ನು ಬೆನ್ನುಪಟ್ಟಿ ಮೇಲೆ ಬರುವಂತೆ ತೊಡೆ ಸಂದಿಗೆ ಒತ್ತಿ ಹಿಡಿಯಿರಿ. ಸೀಟಿನ ಮೇಲೆ ಭಾರ ಬಿಟ್ಟಷ್ಟು ಗಟ್ಟಿಯಾಗಿ ಒತ್ತಬೇಕು, ನಾಚಿಕೊಂಡರೆ ಅಳತೆ ತಪ್ಪುತ್ತದೆ. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಎಷ್ಟಿದೆ ಅಂತ ಇನ್ನೊಬ್ಬರು ಅಳೆಯಲಿ. ಪ್ಯಾಂಟಿನ ಟೈಲರ್ ಅಳತೆ ಇದಕ್ಕೆ ಬರುವುದಿಲ್ಲ, ಎರಡು ಮೂರು ಇಂಚು ಕಮ್ಮಿ ಬರುತ್ತದೆ.

ಮೊದಲನೇ ಲೆಕ್ಕ: ಆ ಉದ್ದ × 0.883. ಬಂದ ಸಂಖ್ಯೆ ಕ್ರ್ಯಾಂಕ್ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ದೂರ. ಸೀಟು ಪೋಸ್ಟಿನ (ಸೀಟು ಹೊತ್ತಿರುವ ಕೊಳವೆಯ) ಓರೆಯಲ್ಲೇ ಟೇಪು ಹಿಡಿಯಬೇಕು. ಟೂರ್ ಡಿ ಫ್ರಾನ್ಸ್ ಮೂರು ಸಲ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಲ್ಲಿ ಇದು ಓಡಾಡುತ್ತದೆ. ಎರಡನೇ ಲೆಕ್ಕ: ಆ ಉದ್ದ × 1.09. ಇದು ತೀರಾ ಕೆಳಗಿರುವ ಪೆಡಲ್ ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ. ಕ್ರ್ಯಾಂಕ್ ಉದ್ದ ಇದರಲ್ಲೇ ಸೇರಿರುತ್ತದೆ, ಅದಕ್ಕೇ ನನಗೆ ಇದು ಜಾಸ್ತಿ ಇಷ್ಟ.

ಲೆಮಾಂಡ್ ಲೆಕ್ಕ ರಸ್ತೆ ಸೈಕಲ್ಲಿನವರದ್ದು. ಎಂಟಿಬಿಗೆ ಅದರಿಂದ ಅರ್ಧ, ಒಂದು ಸೆಂ.ಮೀ. ಕಳೆಯಿರಿ. ಕಲ್ಲಿನ ದಾರಿಯಲ್ಲಿ ಸೀಟಿನ ಮೇಲೆ ಹಿಂದೆ ಮುಂದೆ ಸರಿದಾಡುತ್ತಲೇ ಇರಬೇಕು, ಕಾಲಲ್ಲಿ ಸ್ವಲ್ಪ ಸಡಿಲ ಇದ್ದರೆ ಒಳ್ಳೇದು.

ರತ್ನಗಿರಿ_ಪೆಡಲ್ · ಚಿಕ್ಕಮಗಳೂರು · ಸೋಮವಾರ, ರಾತ್ರಿ 8:15

ಅಳೆದೆ. ಅಳೆಯುವಾಗ ಮನೆಯವಳು ನಕ್ಕಿದ್ದೇ ಜಾಸ್ತಿ. ಒಳಗಾಲು 78 ಸೆಂ.ಮೀ. ಕ್ರ್ಯಾಂಕ್ ಮೇಲೆ 175 ಅಂತ ಕೊರೆದಿದೆ. 0.883 ಲೆಕ್ಕದಲ್ಲಿ 68.9 ಬಂತು. 1.09 ಲೆಕ್ಕದಲ್ಲಿ 85, ಅದರಲ್ಲಿ ಕ್ರ್ಯಾಂಕ್ 17.5 ಕಳೆದರೆ 67.5.

ಈಗ ನನ್ನ ಸೀಟು ಇರುವುದು 61.5ರಲ್ಲಿ!! ಆರು ಸೆಂ.ಮೀ. ಕೆಳಗೆ. ಇವತ್ತೇ 68ಕ್ಕೆ ಏರಿಸಲಾ?

ಹೇಮಾವತಿ_ಫಿಸಿಯೋ · ಹಾಸನ · ಸೋಮವಾರ, ರಾತ್ರಿ 8:32

ಬೇಡ. ಎರಡು ತಿಂಗಳು ಒಂದು ರೀತಿ ತುಳಿದು ಅಭ್ಯಾಸವಾದ ಕಾಲು. ಒಂದೇ ಸಲ ಎಳೆದರೆ ಮುಂದಿನ ನೋವು ಹಿಂದಕ್ಕೆ ಹೋಗುತ್ತದೆ ಅಷ್ಟೇ. ಮೊದಲ ಸಲ ಎರಡು ಸೆಂ.ಮೀ., ಆಮೇಲೆ ಎರಡು ಮೂರು ಸವಾರಿಗೆ ಒಂದೊಂದು. ಕೊನೆಯ ಒಂದೆರಡು ಸೆಂ.ಮೀ.ನಲ್ಲಿ ಅರ್ಧ ಅರ್ಧವೇ.

ಗೊರೂರು_ನಾಲೆ · ಹಾಸನ · ಸೋಮವಾರ, ರಾತ್ರಿ 10:02

ಲೆಕ್ಕವನ್ನೇ ದೇವರು ಅಂತ ನಂಬಿದವನ ಕಥೆ ಹೇಳ್ತೀನಿ. ನಾನೇ ಅವನು.

ನನ್ನ ಒಳಗಾಲು 84. 0.883 ಹಾಕಿ 74.2 ಅಂತ ಇಟ್ಟೆ. ಮಿಲಿಮೀಟರ್ ಆಚೆ ಈಚೆ ಇಲ್ಲ. ನಾಲೆ ದಂಡೆ ಮೇಲೆ ಓಡಿಸಿದರೆ ಗಾಳಿಯ ಹಾಗೆ ಹೋಗುತ್ತಿತ್ತು. ಎರಡು ವಾರಕ್ಕೆ ಮಂಡಿ ಹಿಂದೆ ಎಳೆತ, ಕೂರುವ ಜಾಗದಲ್ಲಿ ಜೋಮು. ಸೀಟು ಸರಿ ಇಲ್ಲ ಅಂದುಕೊಂಡು ಜೆಲ್ ಕವರ್ ಹಾಕಿದೆ. ಅದು ಸೀಟನ್ನು ಇನ್ನೂ ಒಂದು ಸೆಂ.ಮೀ. ಎತ್ತರಿಸಿತು, ನೋವು ಜಾಸ್ತಿ ಆಯಿತು. ಕೊನೆಗೆ ತಂಗಿ ಬೈಕಿನಲ್ಲಿ ಹಿಂದೆ ಬಂದು ಮೊಬೈಲಲ್ಲಿ ವಿಡಿಯೋ ಮಾಡಿದಳು. ನೋಡಿದರೆ ನನ್ನ ಸೊಂಟ ತೊಟ್ಟಿಲ ಹಾಗೆ ತೂಗುತ್ತಿದೆ. ಪ್ರತಿ ತುಳಿತಕ್ಕೂ ಪೆಡಲ್ ಹುಡುಕಿಕೊಂಡು ಕೆಳಗೆ ಜಾರುತ್ತಿದ್ದೆ.

ನನ್ನ ತೊಡೆ ಹಿಂಭಾಗ ಬಿಗಿ. ಬಗ್ಗಿದರೆ ಕಾಲ್ಬೆರಳು ಸಿಗುವುದಿಲ್ಲ. ಅದು ಯಾವ ಲೆಕ್ಕಕ್ಕೂ ಗೊತ್ತಿಲ್ಲ. ಈಗ 72.5ರಲ್ಲಿ ಓಡಿಸುತ್ತಿದ್ದೇನೆ, ಆರಾಮಾಗಿದ್ದೇನೆ.

ಇಂಚುಟೇಪು · ಚಿಕ್ಕಮಗಳೂರು · ಮಂಗಳವಾರ, ಬೆಳಿಗ್ಗೆ 6:50

ಒಪ್ಪಿದೆ. ಲೆಕ್ಕ ಎಲ್ಲಿಂದ ಶುರು ಮಾಡಬೇಕು ಅಂತ ಹೇಳುತ್ತದೆ. ಎಲ್ಲಿ ನಿಲ್ಲಿಸಬೇಕು ಅಂತ ಸೊಂಟ ಹೇಳುತ್ತದೆ. ಶೂ ಅಟ್ಟೆ ದಪ್ಪ ಬದಲಾದರೂ ಸೀಟು ಬದಲಾಗಬೇಕು, ಅದನ್ನೂ ಸೇರಿಸಿಕೊಳ್ಳಿ.

ಕಾಫಿಹೂ · ಮಲ್ಲಂದೂರು ರಸ್ತೆ · ಮಂಗಳವಾರ, ಮಧ್ಯಾಹ್ನ 1:15

ಎಲ್ಲರೂ ಏರಿಸಿ ಏರಿಸಿ ಅಂತೀರಿ. ನಿಲ್ಲಿಸುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ಹೊಸಬರು ಸೀಟು ಕೆಳಗಿಡುವುದು ಹೆದರಿಕೆಗೆ, ಅಲ್ವಾ?

ನನ್ನ ಅಣ್ಣ ಹೋದ ವರ್ಷ ನನ್ನ ಸೀಟು ಸರಿ ಮಾಡಿಕೊಟ್ಟ. ಕಾಲ್ಬೆರಳ ತುದಿ ಮಾತ್ರ ನೆಲಕ್ಕೆ ಸಿಗುತ್ತಿತ್ತು. ಮರುದಿನ ತೋಟದ ಮಣ್ಣು ರಸ್ತೆಯಲ್ಲಿ ಎದುರಿಗೆ ಜೀಪು ಬಂತು. ಎಡಕ್ಕೆ ಸರಿದು ನಿಲ್ಲಿಸಿ ಎಡಗಾಲು ಬಿಟ್ಟೆ. ಆ ಕಡೆ ಚರಂಡಿ. ಕಾಲಿಗೆ ನೆಲವೇ ಸಿಗಲಿಲ್ಲ. ಸೈಕಲ್ ಸಮೇತ ಲಂಟಾನ ಪೊದೆ ಒಳಗೆ! ಜೀಪಿನವರು ಇಳಿದು ಎತ್ತಿದರು. ಮಳೆಗಾಲ ಬೇರೆ, ಮನೆಗೆ ಬಂದು ನೋಡಿದರೆ ಕಾಲ್ಚೀಲದೊಳಗೆ ಮೂರು ಉಂಬಳ.

ಆಮೇಲೆ ಕಲಿತದ್ದು ಇಷ್ಟು. ಸೀಟಿನ ಮೇಲೆ ಕೂತುಕೊಂಡೇ ನಿಲ್ಲಿಸಬಾರದು. ನಿಲ್ಲುವ ಮೊದಲೇ ಒಂದು ಪೆಡಲ್ ಕೆಳಗೆ ತಂದು ಅದರ ಮೇಲೆ ಎದ್ದು ನಿಲ್ಲಬೇಕು. ಸೀಟಿನಿಂದ ಮುಂದಕ್ಕೆ ಇಳಿದು ಇನ್ನೊಂದು ಕಾಲು ನೆಲಕ್ಕೆ. ಹೊರಡುವಾಗಲೂ ಹಾಗೇ: ಒಂದು ಪೆಡಲ್ ಮೇಲೆ ಇಟ್ಟು, ಅದನ್ನು ತುಳಿದ ಬಲದಲ್ಲಿ ಸೀಟಿಗೆ ಏರಬೇಕು. ಕಾಲು ಬಿಡುವುದು ಯಾವಾಗಲೂ ದಿಬ್ಬದ ಕಡೆಗೆ, ಚರಂಡಿ ಕಡೆಗಲ್ಲ. ಇದನ್ನು ಖಾಲಿ ಮೈದಾನದಲ್ಲಿ ಇಪ್ಪತ್ತು ಸಲ ಮಾಡಿ, ಆಮೇಲೆ ಎತ್ತರದ ಸೀಟು ಹೆದರಿಸುವುದಿಲ್ಲ.

ರತ್ನಗಿರಿ_ಪೆಡಲ್ · ಚಿಕ್ಕಮಗಳೂರು · ಮಂಗಳವಾರ, ರಾತ್ರಿ 9:00

ಅಕ್ಕಾ, ಇದೇ ನನಗೆ ಬೇಕಿದ್ದ ಮಾತು. ಹೆದರಿಕೆ ಅಂತ ಒಪ್ಪಿಕೊಳ್ಳಲು ನಾಚಿಕೆ ಆಗಿತ್ತು.

ಇನ್ನೊಂದು ಅನುಮಾನ. ಸೀಟು ಮೇಲಿಟ್ಟು ಸೀತಾಳಯ್ಯನಗಿರಿಯಿಂದ ಇಳಿಯುವುದು ಹೇಗೆ? ನೆನೆಸಿಕೊಂಡರೇ ಹೊಟ್ಟೆ ತೊಳಸುತ್ತದೆ.

ಚಾರ್ಮಾಡಿ_ಚೈನು · ಮೂಡಿಗೆರೆ · ಮಂಗಳವಾರ, ರಾತ್ರಿ 9:40

ಇಳಿಯುವಾಗ ಇಳಿಸಿಕೊಳ್ಳಿ. ಎಂಟಿಬಿಗೆ ಒಂದೇ ಎತ್ತರ ಅಂತ ಇಲ್ಲವೇ ಇಲ್ಲ.

ಡಾಂಬರು ರಸ್ತೆ ಇಳಿಯಲು ಮೂರು ನಾಲ್ಕು ಸೆಂ.ಮೀ. ತಗ್ಗಿಸಿದರೆ ಸಾಕು. ಕಲ್ಲು ಕಿತ್ತ ಕಡಿದಾದ ತೋಟದ ದಾರಿಗೆ ಎಂಟು ಹತ್ತು. ಸೀಟು ಎತ್ತರ ಇದ್ದರೆ ಇಳಿಜಾರಿನಲ್ಲಿ ಮೈ ಹಿಂದಕ್ಕೆ, ಕೆಳಕ್ಕೆ ತರಲು ಆಗುವುದಿಲ್ಲ. ಮುಂದಿನ ಚಕ್ರ ಗುಂಡಿಗೆ ಬಿದ್ದರೆ ಸೀಟು ಹಿಂದಿನಿಂದ ಎತ್ತಿ ಒಗೆಯುತ್ತದೆ. ಯಜಮಾನ್ರು ಸೀಟು ಕೆಳಗೆ ಇಟ್ಟಿದ್ದು ಇಳಿಯುವ ಮಟ್ಟಿಗೆ ಸರಿಯೇ ಸರಿ.

ಇದು ಹಳೇ ತಲೆನೋವು. 1980ರ ದಶಕದಲ್ಲೇ ಅಮೆರಿಕದ ಜೋ ಬ್ರೀಝ್ ಮತ್ತು ಜೋಶ್ ಏಂಜೆಲ್ ಸೇರಿ ಹೈಟ್-ರೈಟ್ ಅಂತ ಒಂದು ಸ್ಪ್ರಿಂಗ್ ಮಾಡಿದ್ದರು. ಪೋಸ್ಟನ್ನು ಬಿಗಿಹಿಡಿಯುವ ಕ್ಲಾಂಪ್ ಸಡಿಲಿಸಿ ಮೈಭಾರ ಹಾಕಿದರೆ ಸೀಟು ಇಳಿಯುತ್ತಿತ್ತು, ಎದ್ದರೆ ಸ್ಪ್ರಿಂಗ್ ಅದನ್ನು ಮೇಲೆತ್ತುತ್ತಿತ್ತು. ಈಗಿನ ಡ್ರಾಪರ್ ಪೋಸ್ಟ್ ಅದರ ಮೊಮ್ಮಗ. ಹ್ಯಾಂಡಲ್ ಮೇಲಿನ ಲಿವರ್ ಒತ್ತಿ ಕೂತರೆ ಇಳಿಯುತ್ತದೆ, ಎದ್ದು ಒತ್ತಿದರೆ ಏರುತ್ತದೆ. 2022ರಲ್ಲಿ ಇಟಲಿಯ ಮಿಲಾನ್-ಸಾನ್ ರೆಮೋ ರೇಸನ್ನು ಸ್ಲೊವೇನಿಯಾದ ಮಾತೇಯ್ ಮೊಹೊರಿಚ್ ರಸ್ತೆ ಸೈಕಲ್ಲಿಗೇ ಡ್ರಾಪರ್ ಹಾಕಿಕೊಂಡು, ಪೊಜ್ಜೊ ಗುಡ್ಡ ಇಳಿಯುವಾಗ ಎಲ್ಲರನ್ನೂ ಬಿಟ್ಟು ಹೋಗಿ ಗೆದ್ದ.

ನಿಮಗೆ ಈಗಲೇ ಬೇಡ, ದುಡ್ಡಿನ ಬಾಬ್ತು. ಕ್ಲಾಂಪಿಗೆ ಕೈಯಲ್ಲಿ ಬಿಚ್ಚುವ ಲಿವರ್ ಇದ್ದರೆ ಸಾಕು. ಪೋಸ್ಟಿಗೆ ಎರಡು ಬಣ್ಣದ ಕರೆಂಟ್ ಟೇಪು ಸುತ್ತಿ. ಏರಿಗೆ ಕೆಂಪು, ಇಳಿಯಲು ಹಳದಿ. ಮೇಲೆ ಹತ್ತಿ, ಚಹಾ ಕುಡಿದು, ಸೀಟು ಇಳಿಸಿ, ಹೊರಡಿ.

ರತ್ನಗಿರಿ_ಪೆಡಲ್ · ಚಿಕ್ಕಮಗಳೂರು · ಎರಡು ವಾರದ ನಂತರ, ಭಾನುವಾರ

ಒಂದು ವಿಚಿತ್ರ ಆಗಿದೆ.

ಮೊದಲ ವಾರ 63.5. ಹಿರೇಕೊಳಲೆ ಕಡೆ ಮಾತ್ರ ಓಡಿಸಿದೆ, ಚೆನ್ನಾಗಿತ್ತು. ಆಮೇಲೆ 64.5, 65.5. ಇವತ್ತು 66ಕ್ಕೆ ಏರಿಸಿ, ಕ್ಲಾಂಪಿನ ಬಾಯಿಗೆ ಸರಿಯಾಗಿ ಕೆಂಪು ಟೇಪು ಸುತ್ತಿ, ಕೈಮರದಿಂದ ಹತ್ತಿದೆ. ಮೊದಲ ನಾಲ್ಕು ತಿರುವು ಬೇರೆ ಯಾರದೋ ಕಾಲು ಹಾಕಿಕೊಂಡ ಹಾಗಿತ್ತು. ಅಷ್ಟು ಹಗುರ. ಆಮೇಲೆ ಯಾಕೋ ಭಾರ ಆಗುತ್ತಾ ಬಂತು. ಮುಕ್ಕಾಲು ಗಂಟೆಗೆ ಅದೇ ಹಳೇ ಚುಚ್ಚು. ಸೀಟು ಏರಿಸಿದ್ದೆಲ್ಲ ಸುಳ್ಳಾ ಅಂತ ಬೇಜಾರಾಗಿ ಇಳಿದು ನೋಡಿದೆ. ಟೇಪು ಕಾಣಿಸಲೇ ಇಲ್ಲ. ಕ್ಲಾಂಪಿನ ಬಾಯಲ್ಲಿ ಮುದುರಿಕೊಂಡು ಕೂತಿತ್ತು. ಅಳೆದರೆ 63.

ಹತ್ತುವಾಗ ಸೀಟು ನಿಧಾನಕ್ಕೆ ಮುಳುಗುತ್ತಾ ಬಂದಿದೆ. ಲಿವರ್ ಗಟ್ಟಿಯಾಗೇ ಹಾಕಿದ್ದೆ.

ಗೊರೂರು_ನಾಲೆ · ಹಾಸನ · ಭಾನುವಾರ

ಟೇಪು ಸುತ್ತಿರದಿದ್ದರೆ ಇನ್ನೊಂದು ವರ್ಷ ಮಂಡಿಯನ್ನೇ ಬೈಯ್ಯುತ್ತಿದ್ರಿ.

ಇಂಚುಟೇಪು · ಚಿಕ್ಕಮಗಳೂರು · ಭಾನುವಾರ

ಪೋಸ್ಟ್ ಪೂರ್ತಿ ಹೊರಗೆ ತೆಗೆಯಿರಿ. ಮೂರು ವಿಷಯ ನೋಡಿ.

ಗ್ರೀಸ್ ಜಾಸ್ತಿ ಬಳಿದಿದ್ದಾರಾ? ಲೋಹದ ಪೋಸ್ಟಿಗೆ ತೆಳುವಾಗಿ ಬೇಕು, ಇಲ್ಲದಿದ್ದರೆ ನಮ್ಮ ಮಳೆಗೆ ಒಳಗೇ ಹಿಡಿದುಕೊಂಡುಬಿಡುತ್ತದೆ. ಆದರೆ ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗೆ ಬಳಿದರೆ ಜಾರುತ್ತದೆ. ಕಾರ್ಬನ್ ಆದರೆ ಗ್ರೀಸ್ ಬೇಡವೇ ಬೇಡ, ಅದಕ್ಕೆ ಮರಳು ಮರಳಾದ ಪೇಸ್ಟೇ ಬೇರೆ ಇದೆ. ಲಿವರ್ ಅರ್ಧ ಮಡಚುವಾಗಲೇ ಬಿಗಿ ಹತ್ತಬೇಕು, ಪೂರ್ತಿ ಮಡಚಿದಾಗ ಅಂಗೈಯಲ್ಲಿ ಅಚ್ಚು ಬೀಳಬೇಕು. ಹಾಗಾಗದಿದ್ದರೆ ಆ ಕಡೆಯ ನಟ್ಟನ್ನು ಇನ್ನೊಂದು ಸುತ್ತು ತಿರುಗಿಸಿ.

ಮೂರನೆಯದೇ ನನಗೆ ಅನುಮಾನ. ಪೋಸ್ಟ್ ಕೆಳಭಾಗದಲ್ಲಿ ಕೊರೆದ ನಂಬರ್ ಓದಿ, ಪೋಸ್ಟಿನ ದಪ್ಪ ಮಿ.ಮೀ.ನಲ್ಲಿ. 27.2, 30.9, 31.6 ಹೀಗೆ ಇರುತ್ತದೆ. ಹಳೇ ಸೈಕಲ್ ಅಂದ್ರಲ್ಲ.

ರತ್ನಗಿರಿ_ಪೆಡಲ್ · ಚಿಕ್ಕಮಗಳೂರು · ಸೋಮವಾರ

30.9 × 350 ಅಂತಿದೆ. ಪೋಸ್ಟ್ ಮೇಲೆ ಉದ್ದಕ್ಕೂ ಗೀರು, ಬೆಕ್ಕು ಪರಚಿದ ಹಾಗೆ. ಗೆಳೆಯನ ಲೇತ್ ಶಾಪಿಗೆ ಒಯ್ದು ಫ್ರೇಮಿನ ಒಳಬಾಯಿಗೆ ವರ್ನಿಯರ್ ಹಾಕಿಸಿದೆ. 31.6!

ಇನ್ನೊಂದು, 66.5ರ ಹತ್ತಿರ ಹೋದರೆ ಪೋಸ್ಟ್ ಮೇಲಿನ ಅಡ್ಡ ಗೆರೆ ಕಾಣಿಸುತ್ತದೆ. ಅದನ್ನು ದಾಟಿ ಒಂದು ಸೆಂ.ಮೀ. ಎಳೆದರೆ ಏನಾಗುತ್ತದೆ? ಒಂದೇ ಒಂದು.

ಚಾರ್ಮಾಡಿ_ಚೈನು · ಮೂಡಿಗೆರೆ · ಸೋಮವಾರ

ಮುಟ್ಟಬೇಡಿ! ಆ ಗೆರೆ ಫ್ರೇಮಿನ ಒಳಗೇ ಇರಬೇಕು. ನನ್ನ ಮೊದಲನೇ ಸೈಕಲ್ಲಿನಲ್ಲಿ ನಾನೂ ಒಂದೇ ಒಂದು ಸೆಂ.ಮೀ. ಅಂತ ಎಳೆದಿದ್ದೆ. ಮೂರು ತಿಂಗಳಿಗೆ ಸೀಟು ಕೊಳವೆ ಮತ್ತು ಮೇಲಿನ ಕೊಳವೆ ಸೇರುವ ಬೆಸುಗೆ ಹತ್ತಿರ ಕೂದಲಷ್ಟು ಗೆರೆ ಕಂಡಿತು. ಪೇಂಟ್ ಬಿಟ್ಟಿದೆ ಅಂದುಕೊಂಡೆ. ಉಗುರು ಹಾಕಿದರೆ ಉಗುರು ಒಳಗೆ ಹೋಯಿತು. ಪೋಸ್ಟ್ ಅಲ್ಲ, ಫ್ರೇಮೇ ಹೋಯಿತು.

ನಿಮ್ಮದು ಸಣ್ಣದೂ ಹೌದು, ಗಿಡ್ಡದೂ ಹೌದು. 0.7 ಮಿ.ಮೀ. ಸಂದಿಯನ್ನು ಕ್ಲಾಂಪ್ ಎಷ್ಟು ಅಂತ ಹಿಸುಕುತ್ತದೆ? ತಗಡು ತುರುಕುವ ಐಡಿಯಾ ಲೇತ್‌ನವರು ಕೊಟ್ಟಿರುತ್ತಾರೆ, ಬೇಡ. 31.6ರ 400 ಮಿ.ಮೀ. ಪೋಸ್ಟ್ ತರಿಸಿ. ಅಲೆನ್ ಬೋಲ್ಟಿನ ಕ್ಲಾಂಪ್ ಹಾಕಿದರೆ ಅದರ ಮೇಲೆ ಬರೆದಷ್ಟೇ ಬಿಗಿ ಮಾಡಿ, ಸಾಮಾನ್ಯವಾಗಿ 5-6 ನ್ಯೂಟನ್ ಮೀಟರ್ ಇರುತ್ತದೆ.

ಕಣದ_ಸೈಕಲ್ · ಆಲ್ದೂರು · ಸೋಮವಾರ

ತಗಡು ಹಾಕುವುದು ನಾವು ಮಾಡಿದ್ದೇವೆ. ಡಾಲ್ಡಾ ಡಬ್ಬದ್ದು. ಆದರೆ ನಾವು ತಳ್ಳುತ್ತಿದ್ದೆವಲ್ಲ, ಜಾರಿದರೂ ಗೊತ್ತಾಗುತ್ತಿರಲಿಲ್ಲ.

ರತ್ನಗಿರಿ_ಪೆಡಲ್ · ಚಿಕ್ಕಮಗಳೂರು · ಮೂರು ವಾರದ ನಂತರ, ಶನಿವಾರ

ಹೊಸ ಪೋಸ್ಟ್ ಬಂತು. ಒಳಗೆ ಬಿಡುವಾಗ ಉಸ್ ಅಂತ ಗಾಳಿ ಹೊರಗೆ ಬಂತು, ಹಳೆಯದು ಗಡಗಡ ಅಲ್ಲಾಡುತ್ತಿತ್ತು. ಅರ್ಧರ್ಧ ಸೆಂ.ಮೀ. ಏರಿಸುತ್ತಾ 68ರವರೆಗೆ ಹೋದೆ. ಮನೆಯವಳು ಸ್ಕೂಟರಿನಲ್ಲಿ ಹಿಂದೆ ಬಂದು ನೋಡಿದಳು, ಸೊಂಟ ಸ್ವಲ್ಪ ಓಲುತ್ತಿದೆ ಅಂದಳು. 67.5ಕ್ಕೆ ಇಳಿಸಿದೆ, ಓಲಾಟ ನಿಂತಿತು.

ಇವತ್ತು ಮುಳ್ಳಯ್ಯನಗಿರಿ ಮೆಟ್ಟಿಲ ಬುಡದ ತನಕ ಹೋಗಿ ಬಂದೆ. ಮಧ್ಯೆ ಎರಡು ಸಲ ನಿಂತೆ, ಅದು ಉಸಿರಿಗೆ, ಮಂಡಿಗಲ್ಲ. ಕಾಫಿಹೂ ಅಕ್ಕ ಹೇಳಿದ ಹಾಗೆ ದಿಬ್ಬದ ಕಡೆಗೇ ಕಾಲು ಬಿಟ್ಟೆ. ಇಳಿಯುವ ಮೊದಲು ಹಳದಿ ಟೇಪಿಗೆ ಇಳಿಸಿದೆ. ಹತ್ತಿ ಮುಗಿದಾಗ ಕೆಂಪು, ಮನೆಗೆ ಬಂದಾಗ ಹಳದಿ, ಎರಡೂ ಟೇಪು ಇದ್ದಲ್ಲೇ ಇದ್ದವು. ಮೆಟ್ಟಿಲನ್ನು ಗೋಡೆ ಹಿಡಿಯದೆ ಇಳಿದೆ.

ಈಗ ಸಮಸ್ಯೆ ಬೇರೆ. ತಮ್ಮ ನನಗಿಂತ ನಾಲ್ಕು ಇಂಚು ಗಿಡ್ಡ. ಸಂಜೆ ಸೈಕಲ್ ಒಯ್ದವನು ಕೆಂಪಿನ ಮೇಲೆ, ಹಳದಿಯ ಕೆಳಗೆ ತನ್ನದೂ ಒಂದು ಟೇಪು ಸುತ್ತಿಕೊಂಡು ಬಂದಿದ್ದಾನೆ. ಹಸಿರು.